ನಾಲ್ಕನೇ ಜ್ವರ

ಹುಳುಮನೆಯಲ್ಲಿ ನಾಲ್ಕನೇ ಜ್ವರ.
ಇನ್ನೂರು ಮೊಟ್ಟೆಯ ಹುಳು ತಲೆಯೆತ್ತಿ ಕೂತಿವೆ,
ಸೊಪ್ಪು ಮುಟ್ಟವು, ಮಿಸುಕವು.
ಅಲುಗಿಸಬೇಡ ಅನ್ನುತ್ತಿದ್ದರು ನಮ್ಮತ್ತೆ ಅಕ್ಕಯಮ್ಮ,
ಹಳೇ ಚರ್ಮ ಕಳಚುವ ಹೊತ್ತು.

ಒಳಕೋಣೆಯಲ್ಲಿ ಇನ್ನೊಂದು ಜ್ವರ.
ಗೋಡೆಯ ಥರ್ಮಾಮೀಟರಿನಲ್ಲಿ ಇಪ್ಪತ್ತೈದು,
ಮೋನಿಷಾಳ ಕಂಕುಳಲ್ಲಿ ನೂರಮೂರು.
ಅಂಗೈ ಇಟ್ಟರೆ ಸುಡುತ್ತದೆ.
ಅವಳು ಮಾತ್ರ ಹಲ್ಲು ಕಟಕಟಿಸುತ್ತ
ಚಳಿ ಅಮ್ಮಾ, ಇನ್ನೊಂದು ಕಂಬಳಿ ಅನ್ನುತ್ತಾಳೆ.

ಸಂಜೆ ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ
ತಬಸ್ಸುಮ್ ಡಾಕ್ಟರಿಗೆ ಅದನ್ನೇ ಕೇಳಿದ್ದೆ:
ಸುಡುವ ಮೈಗೆ ಚಳಿ ಎಲ್ಲಿಂದ?
ಚೀಟಿಯ ಬೆನ್ನಿಗೆ ಒಂದು ತಲೆ ಬರೆದರು,
ಮಿದುಳಿನ ಬುಡದಲ್ಲಿ ಪೆನ್ನಿನ ಚುಕ್ಕಿ.
ಹೈಪೊಥಲಾಮಸ್ ಅಂದರು. ನನ್ನ ನಾಲಿಗೆಯಲ್ಲಿ ನಿಲ್ಲಲಿಲ್ಲ.
ನೀವು ಮಾರ್ಕೆಟ್ಟಿಗೆ ತರುತ್ತೀರಲ್ಲ, ಆ ಗೂಡಿನಷ್ಟೂ ಇಲ್ಲ,
ಮೈಯ ಕಾವು ಎಷ್ಟಿರಬೇಕೆಂದು ಗೆರೆ ಎಳೆಯುವುದು ಅದೇ.
ಸೋಂಕು ಹೊಕ್ಕ ಸುದ್ದಿ ಮುಟ್ಟಿದರೆ
ಗೆರೆಯನ್ನು ತಾನೇ ಮೇಲಕ್ಕೆ ಸರಿಸುತ್ತದೆ.
ಮೈ ಇನ್ನೂ ಅಲ್ಲಿಗೆ ಏರಿಲ್ಲ, ಅದಕ್ಕೇ ಚಳಿ.
ನಡುಕ ಅಂದರೆ ಒಲೆಗೆ ತುಂಬುವ ಸೌದೆ.

ಬಸ್ಸಿನಲ್ಲಿ ಮಗಳ ತಲೆ ನನ್ನ ತೊಡೆಯ ಮೇಲೆ.
ಹದಿನಾಲ್ಕು ವರ್ಷದಿಂದ ನನ್ನ ಕೆಲಸವೂ ಅದೇ ತಾನೆ:
ಕಾವು ಇಳಿದರೆ ಇದ್ದಿಲ ಒಲೆ,
ಏರಿದರೆ ಕಿಟಕಿ ತೆರೆ, ಗೋಣಿಗೆ ನೀರು ಚಿಮುಕಿಸು.
ನನ್ನ ತಲೆಯೊಳಗೇ ಒಬ್ಬಳು ಕೂತು
ಹಗಲೂ ರಾತ್ರಿ ಇದನ್ನೇ ಮಾಡುತ್ತಿದ್ದಳಂತೆ.
ಒಂದು ದಿನ ಮಾತಾಡಿಸಿದವಳಲ್ಲ ನಾನು.

ಹತ್ತಕ್ಕೆ ಗುಲಾಬಿ ಬಣ್ಣದ ಔಷಧಿ, ಐದು ಎಂಎಲ್ಲು.
ಹನ್ನೊಂದಕ್ಕೆ ಏನೂ ಇಲ್ಲ.
ಹನ್ನೆರಡೂವರೆಗೆ ಕಂಬಳಿ ಒದ್ದಳು,
ಸೆಕೆ, ಫ್ಯಾನು ಹಾಕು ಅಂತ ಜಗಳ.
ಹಣೆ ಮುಟ್ಟಿದೆ. ಒದ್ದೆ.
ಕತ್ತಿನ ಹಿಂದೆ, ಬೆನ್ನಿನ ತಗ್ಗಿನಲ್ಲಿ, ಒದ್ದೆ.
ಗೆರೆ ಇಳಿದಿದೆ.
ಒಳಗಿನವಳು ಎದ್ದು ಗೋಣಿಗೆ ನೀರು ಚಿಮುಕಿಸುತ್ತಿದ್ದಾಳೆ.

ನಾಲ್ಕು ಗಂಟೆಗೆ ಹುಳುಮನೆ ನೆನಪಾಯಿತು.
ಥರ್ಮಾಮೀಟರು ಇಪ್ಪತ್ತಕ್ಕೆ ಇಳಿದು ನಿಂತಿತ್ತು.
ಕೆಲವು ಜ್ವರ ಎದ್ದಿದ್ದವು, ಪಕ್ಕದಲ್ಲಿ ಸುಲಿದ ಚರ್ಮ;
ಉಳಿದವು ಹಾಗೇ, ತಲೆಯೆತ್ತಿ.
ಈ ಚಳಿಗೆ ಒಂದಾದರೂ ನಡುಗುತ್ತಿರಲಿಲ್ಲ.
ಹುಳುವಿನ ತಲೆಯಲ್ಲಿ ಆ ಚುಕ್ಕಿ ಇಲ್ಲ,
ಹೊರಗೆಷ್ಟೋ ಒಳಗೂ ಅಷ್ಟೇ.
ಅವಕ್ಕೆ ಚುಕ್ಕಿ ನಾನು,
ನಾನು ರಾತ್ರಿಯೆಲ್ಲ ಇನ್ನೊಂದು ಕೋಣೆಯಲ್ಲಿದ್ದೆ.

ತಪ್ಪಾಯಿತು ಅಂದೆ, ಯಾರಿಗೋ.
ಸೆರಗು ಸಿಕ್ಕಿಸಿ ಇದ್ದಿಲು ಊದತೊಡಗಿದೆ.