ಅಡ್ಡಬಿದ್ದ ಬುಟ್ಟಿಗಳು

ಕೆಳಗೆ ಒಣಮೀನಿನ ಅಂಗಡಿ, ಮೇಲೆ ನನ್ನ ಕೋಣೆ.
ಕಿಸುಮುವಿನಲ್ಲಿ ಕರೆಂಟು ಹೋದಾಗ
ಮೊದಲು ಫ್ಯಾನು ಸಾಯುತ್ತದೆ,
ಆಮೇಲೆ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ.
ಸರ್ವರು ಇಲ್ಲಿಲ್ಲ, ಯಾವುದೋ ತಣ್ಣನೆಯ ದೇಶದಲ್ಲಿದೆ.
ಅದರ ಬಾಗಿಲು ಮಾತ್ರ ನನ್ನ ಮಡಿಲಲ್ಲಿ,
ಒಂದು ಗುಂಡಿ ಕಿತ್ತುಹೋದ ಕೀಬೋರ್ಡಿನ ಮೇಲೆ.

ಆ ಮನೆಯ ಹೆಂಗಸರು
ಸರೋವರದ ಅಂತರಗಂಗೆಯ ದಂಟು ಸೀಳಿ, ಒಣಗಿಸಿ
ಬುಟ್ಟಿ ಹೆಣೆಯುತ್ತಾರೆ, ಚಿತ್ರ ತೆಗೆದು ಮಾರಾಟಕ್ಕೆ ಕಳಿಸುತ್ತಾರೆ.
ಆ ಮನೆ ಎಲ್ಲಿದೆ ಎಂದು ನಾನು ಹೇಳುವುದಿಲ್ಲ.
ಯಾರೂ ಹೇಳಬಾರದೆಂದೇ ಅದಕ್ಕೆ ಫಲಕವಿಲ್ಲ,
ಗೇಟಿಗೆ ಬಣ್ಣವೂ ಇಲ್ಲ.

ಬುಟ್ಟಿಯ ಚಿತ್ರ ಹೇಳಿತು.
ಫೋನು ತೆಗೆದ ಪ್ರತಿ ಚಿತ್ರದ ಸೆರಗಿನಲ್ಲಿ ಒಂದು ಗಂಟು:
ಅಕ್ಷಾಂಶ, ರೇಖಾಂಶ, ಗಂಟೆ, ನಿಮಿಷ.
ಕಣ್ಣಿಗೆ ಕಾಣದು. ಬಿಚ್ಚಲು ಬಲ್ಲವನು ಬಿಚ್ಚಿದ.
ಮಂಗಳವಾರ ಮಧ್ಯಾಹ್ನ ಅಕೆಚ್‌ಳ ಗಂಡ
ಆ ಗೇಟಿನ ಮುಂದೆ ನಿಂತಿದ್ದ,
ಬುಟ್ಟಿ ಕೊಳ್ಳಲು ಬಂದವನ ಹಾಗೆ,
ಕೈಯಲ್ಲಿ ಚಿಲ್ಲರೆ ಎಣಿಸುತ್ತ.

ಅವಳನ್ನು ಹಿಂದಿನ ಗೋಡೆ ಹತ್ತಿಸಿ ದಾಟಿಸಿದರು.
ನಾನು ಬಾಗಿಲು ಕಳಚಿ ಮತ್ತೆ ಕಟ್ಟಲು ಕೂತೆ.
ಒಂದು ರಾತ್ರಿಗೆ ಮುಗಿಯಲಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ.
ಬಾಲಕ್ಕೆ ಜೆಪಿಜಿ ಅಂತ ಕಟ್ಟಿಕೊಂಡು ಬಂದರೆ ಸಾಲದು,
ದನ ಕೊಳ್ಳುವವರು ನೋಡುವ ಹಾಗೆ
ಬಾಯಿ ತೆರೆಸಿ ಮೊದಲ ಹಲ್ಲು ನೋಡುತ್ತೇನೆ.
‘ಅಕೆಚ್ ಹೊಸ ಮನೆ ಮೂರು’ ಎಂಬ ಹೆಸರಲ್ಲಿ ಬಂದದ್ದು
ಅರ್ಥವಿಲ್ಲದ ಮೂವತ್ತೆರಡು ಅಕ್ಷರವಾಗಿ ಉಳಿಯುತ್ತದೆ.
ಇಟ್ಟ ಕಣಜದಲ್ಲಿ ಯಾವುದಕ್ಕೂ ಅಪ್ಪಣೆ ಕೊಡುವ ಹಕ್ಕಿಲ್ಲ;
ಚಿತ್ರ ಚಿತ್ರವಾಗಿ ಮಲಗಿರಲಿ, ಎದ್ದು ನಡೆಯುವುದು ಬೇಡ.

ಹಿಂದೊಮ್ಮೆ ಒಂದು ಬಂದಿತ್ತು, ಸಾಸಿವೆಯಷ್ಟು ತೂಕ.
ಬಿಡಿಸಿದರೆ ಬಿಳಿ, ಬರೀ ಬಿಳಿ,
ಗಾವುದಗಟ್ಟಲೆ ಹಾಸಿದ ಖಾಲಿ ಬಿಳಿ.
ಅಷ್ಟನ್ನೂ ತಬ್ಬಲು ಹೋಗಿ ಸರ್ವರು ಉಸಿರುಗಟ್ಟಿ ಬಿತ್ತು.
ಈಗ ಚಾಪೆ ಬಿಚ್ಚುವ ಮೊದಲೇ ಕೇಳುತ್ತೇನೆ:
ಉದ್ದ ಎಷ್ಟು, ಅಗಲ ಎಷ್ಟು?

ಕಾಸಿನ ಮಾತೂ ಇತ್ತು.
ಐವತ್ತು ಶಿಲ್ಲಿಂಗಿನ ಡೇಟಾ
ನಾಲ್ಕು ಬುಟ್ಟಿಗೆ ಕರಗಿಹೋಗುತ್ತದೆ ಎಂದಿದ್ದಳು ಅಬುಯಾ.
ಅವಳ ಅಂಗೈಯಲ್ಲೇ ಕುಗ್ಗಿಸಿ, ತುಂಡು ಮಾಡಿ ತರಿಸಿದೆ.
ಏಳನೆಯ ತುಂಡಿನಲ್ಲಿ ಸಿಗ್ನಲ್ ಸತ್ತರೆ ಏಳರಿಂದಲೇ ಮುಂದೆ,
ಮತ್ತೆ ಒಂದರಿಂದಲ್ಲ.
ಬಂದು ಸೇರಿತು ಎಂದು ಅವಳಿಗೆ ಕೂಡಲೇ ಹೇಳಿಬಿಡಬೇಕು;
ಸಣ್ಣದು ದೊಡ್ಡದು ಕತ್ತರಿಸುವ ಕೆಲಸ
ಹಿತ್ತಿಲಲ್ಲಿ ಸರತಿ ನಿಂತು ನಡೆಯಲಿ.

ಕೊನೆಗೆ ಆ ಗಂಟು.
ಹಳೆಯವು, ಹೊಸವು, ಎಲ್ಲವನ್ನೂ
ಬೇರೆ ಹಾಳೆಯ ಮೇಲೆ ಚುಕ್ಕಿಗೆ ಚುಕ್ಕಿ ಬರೆಸಿದೆ.
ಬಣ್ಣ ದಾಟಿತು, ಊರು ದಾಟಲಿಲ್ಲ.
ಬೆಳಗಿನ ಜಾವ ಚಪ್ಪಲಿ ಕಳಚದೆಯೇ ಮಲಗಿದೆ.

ಎಂಟಕ್ಕೆ ರೊಸ್ಲಿಡಾ ಅಮ್ಮನ ಫೋನು:
“ಅವಿನೊ, ನಮ್ಮ ಬುಟ್ಟಿಗಳೆಲ್ಲ ಕುಡಿದು ಬಿದ್ದಿವೆ!”
ಹೌದು. ಅರ್ಧಕ್ಕರ್ಧ ಪಕ್ಕಕ್ಕೆ ಉರುಳಿ
ಇಲ್ಲದ ಕಾಳು ಚೆಲ್ಲುತ್ತಿದ್ದವು.
ಒಂದರ ಹಿಂದೆ ಒಣಹಾಕಿದ ಲಂಗ
ಗಾಳಿಯಿಲ್ಲದೆ ಅಡ್ಡಡ್ಡ ಹಾರುತ್ತಿತ್ತು.
ಮೇಲು ಯಾವುದು, ಕೆಳಗು ಯಾವುದು ಎಂಬುದೂ
ಆ ಗಂಟಿನಲ್ಲೇ ಇತ್ತು.
ಊರಿನ ಜೊತೆ ಅದನ್ನೂ ಚೆಲ್ಲಿಬಿಟ್ಟಿದ್ದೆ.

ಫೋನಿನ ಆಚೆ ಮನೆ ತುಂಬ ನಗು,
ಮಂಗಳವಾರದಿಂದ ಪಿಸುಮಾತಲ್ಲೇ ಇದ್ದ ಮನೆ.

ಎರಡು ಸಾಲು ಅದಲುಬದಲು ಮಾಡಿದೆ.
ಮೊದಲು ಎತ್ತಿ ನಿಲ್ಲಿಸು.
ಆಮೇಲೆ ಮರೆಸು.

ನಿನ್ನೆ ಸಂಜೆ ಒಂದು ಹೊಸ ಬುಟ್ಟಿ ಬಂತು.
ಅಂಚಿನ ಕೊನೆಯ ಎಳೆಯನ್ನು ಕತ್ತರಿಸದೆ ಬಿಡುವುದು
ಅಕೆಚ್ ಒಬ್ಬಳೇ.
ಎಲ್ಲಿಂದ ಎಂದು ನೋಡಲು ಕೈ ತಾನಾಗಿ ಹೋಯಿತು.
ಅಷ್ಟರಲ್ಲಿ ಬಾಗಿಲು ತನ್ನ ಕೆಲಸ ಮುಗಿಸಿತ್ತು.
ಬುಟ್ಟಿ ನೆಟ್ಟಗೆ ನಿಂತಿತ್ತು,
ಯಾವ ಊರಿನದೂ ಅಲ್ಲದ ಬೆಳಕಿನಲ್ಲಿ.