ಬರಿಗೈಯ ತಡ

ಮೂರು ಡೋಲು, ಒಂಬತ್ತು ಮೈಕು.
ತೊಗಲಿಗೊಂದು, ಹೊಟ್ಟೆಗೊಂದು, ಮಿಕ್ಕ ಮೂರು ಕೋಣೆಗೆ.
ಮೊಂಟೆವಿಡಿಯೊ, ಬಾರಿಯೊ ಸೂರ್,
ಬೇಕರಿ ಮುಚ್ಚಿ ಹನ್ನೊಂದು ವರ್ಷವಾದರೂ
ಗೋಡೆಗಿನ್ನೂ ಹಿಟ್ಟಿನ ವಾಸನೆಯಿರುವ ಜಾಗ.

ಮೊದಲು ಬೀದಿಯಲ್ಲಿ ಹಳೇ ಪೇಪರು, ಹಣ್ಣಿನ ಪೆಟ್ಟಿಗೆ ಒಟ್ಟಿ
ಬೆಂಕಿ ಹಚ್ಚಿದರು.
ಡೋಲುಗಳು ಜುಲೈ ಚಳಿಗೆ ಸಿಕ್ಕ ಮುದುಕರ ಹಾಗೆ
ಬೆಂಕಿಗೆ ಮುಖ ಕೊಟ್ಟು ಕೂತವು.
ವಾಷಿಂಗ್ಟನ್ ಬೆರಳಲ್ಲಿ ತಟ್ಟಿ ನೋಡಿ
"ಇನ್ನೂ ಹದ ಬಂದಿಲ್ಲ" ಎಂದ.
ಹೌದು, ಅದೇ ಹೆಸರು.
ಇಲ್ಲಿಯ ಅಜ್ಜಂದಿರಿಗೆ ಅಂಥ ಹೆಸರು ಮಾಮೂಲು,
ಅವನು ಬಾರಿಸುವ ತಗ್ಗು ದನಿಯ ಡೋಲಿಗೆ
ಪಿಯಾನೊ ಎಂಬ ಹೆಸರೂ ಮಾಮೂಲು.
ತಂಗಿಯ ಮಗಳು ಯಾಮಿಲಾ ಬಾರಿಸುವುದು ಸಣ್ಣದು, ಚೀಕೊ.
ಎಲ್ಬಿಯೊ ಬಾರಿಸುವುದು ರೆಪೀಕೆ,
ಅವನು ಮಾತಿನಲ್ಲೂ ಮುಂದೆ ಹಾರುವವನು.

ತಿಂಗಳಾದ ಮೇಲೆ ಮ್ಯಾಡ್ರಿಡ್‌ನಿಂದ ಪತ್ರ:
ತುಂಬ ಚೆನ್ನಾಗಿದೆ. ದಯವಿಟ್ಟು ಗೆರೆಗೆ ಕೂರಿಸಿ.

ಪರದೆಯ ಮೇಲೆ ಬೂದು ಗೆರೆಗಳು,
ಜಿಪುಣನ ಲೆಕ್ಕದ ಪುಸ್ತಕದಂತೆ.
ಚೀಕೊ ಒಂದನ್ನೇ ಹಿಡಿದೆ.
ಪೆಟ್ಟಿಗೊಂದು ಕತ್ತರಿ, ಕೂದಲೆಳೆಯಷ್ಟು ಹಿಂದಕ್ಕೆ.
ಕೇಳಿದರೆ
ಇಬ್ಬರು ಯಾಮಿಲಾ!
ಒಬ್ಬಳು ಗೆರೆಯ ಮೇಲೆ,
ಒಬ್ಬಳು ಮಾವನ ಮೈಕಿನೊಳಗೆ, ಬಾರಿಸಿದ ಹೊತ್ತಿನಲ್ಲೇ.
ನಡುವೆ ಟೊಳ್ಳು,
ತಗಡಿನ ಡಬ್ಬದಲ್ಲಿ ಕೂತು ಬಾರಿಸಿದ ಹಾಗೆ.

ಒಂದೇ ಕೋಣೆಯಲ್ಲಿ ಬಾರಿಸಿದವರು
ಒಬ್ಬರ ಮೈಕಿನಲ್ಲೊಬ್ಬರು ಬಾಡಿಗೆ ಕೊಡದೆ ಇರುತ್ತಾರೆ,
ಎಬ್ಬಿಸಲಾಗದು.
ಒಂಬತ್ತನ್ನೂ ಗುಂಪು ಕಟ್ಟಿದೆ.
ಈಗ ಒಂದು ಕತ್ತರಿಗೆ ಒಂಬತ್ತು ಗಾಯ,
ಒಂದನ್ನೆಳೆದರೆ ಒಂಬತ್ತೂ ಅಷ್ಟಷ್ಟೇ ಸರಿಯುತ್ತವೆ.
ಆದರೆ ಯಾರನ್ನು ಗೆರೆಗೆ ತರಲಿ?
ಯಾರನ್ನು ತಂದರೂ ಉಳಿದಿಬ್ಬರು
ತಂತಮ್ಮ ತಡವನ್ನು ಕಂಕುಳಲ್ಲಿಟ್ಟುಕೊಂಡೇ ಬರುತ್ತಾರೆ.

ಮಾತೆ ಆರಿ ತಣ್ಣಗಾಯಿತು.
ಮೂವರ ತಡವನ್ನೂ ಹಾಳೆಯಲ್ಲಿ ಬರೆಯುತ್ತ ಹೋದೆ.
ನಲವತ್ತು ಆವರ್ತ ಏನಿಲ್ಲ.
ನಲವತ್ತೊಂದರಲ್ಲಿ ವಾಷಿಂಗ್ಟನ್‌ನ ಎಡಗೈ,
ಬಲಗೈಗೆ ಕೋಲುಂಟು, ಇದು ಬರಿಗೈ,
ಆರು ಮಿಲಿಸೆಕೆಂಡು ತಡ.
ಆಮೇಲೆ ಹತ್ತು. ಆಮೇಲೆ ಹದಿನೆಂಟು.
(ಆ ದಿನಗಳಲ್ಲಿ ಅವನ ಕೈಯಿಂದ ಲೋಟ ಜಾರುತ್ತಿತ್ತಂತೆ.
ನನಗೆ ಯಾರೂ ಹೇಳಿರಲಿಲ್ಲ.)

ನಲವತ್ತಮೂರರಲ್ಲಿ ಯಾಮಿಲಾ, ಆರು.
ನಲವತ್ತೈದರಲ್ಲಿ ಎಲ್ಬಿಯೊ,
ಬಸ್ಸಿಗೂ ಕಾಯದ ಎಲ್ಬಿಯೊ,
ಒಂಬತ್ತು.
ಐವತ್ತರ ಹೊತ್ತಿಗೆ ಮುದುಕನ ಬಲಗೈಯೂ
ತನ್ನ ಎಡಗೈಗಾಗಿ ಕಾಯತೊಡಗಿತ್ತು.
ಎಲ್ಲರೂ ಹದಿನೆಂಟು.
ಗೆರೆಯಿಂದ ದೂರ,
ಒಬ್ಬರಿಂದೊಬ್ಬರು ಎಳ್ಳಷ್ಟೂ ಅಲ್ಲ.

ಯಾಮಿಲಾಳಿಗೆ ಫೋನು ಮಾಡಿದೆ.
ನಿನ್ನ ಕಿವಿಯಲ್ಲಿ ಕ್ಲಿಕ್ಕು ಇತ್ತಲ್ಲ?
"ತಲೆ ಕೊಡವಿ ಬೀಳಿಸಿದೆ."
ಯಾವಾಗ?
ಆ ಕಡೆ ಬಸ್ಸಿನ ಬಾಗಿಲು ತೆರೆದ ಸದ್ದು.
"ಮಾವ ನನ್ನ ಕಡೆ ನೋಡೋದು ಬಿಟ್ಟಾಗ."

ಮಾಡಿದ್ದನ್ನೆಲ್ಲ ಹಿಂತೆಗೆದುಕೊಂಡೆ,
ಇನ್ನೂರ ಹನ್ನೆರಡು ಸಲ ಅದೇ ಕೀಲಿ.
ಆಮೇಲೆ ಗೆರೆಗಳನ್ನೇ ಒಂದೊಂದಾಗಿ ಹಿಡಿದು
ಆ ಬರಿಗೈಯ ಕೆಳಗೆ ತಂದಿಟ್ಟೆ.
ಮ್ಯಾಡ್ರಿಡ್‌ಗೆ ಬರೆದೆ: ಎಲ್ಲವೂ ಗೆರೆಯ ಮೇಲಿದೆ.
ಸುಳ್ಳೇನಲ್ಲ.

ಒಂದು ಮಾತ್ರ ಬಾಕಿ.
ಐವತ್ತೇಳನೆಯ ಆವರ್ತದಲ್ಲಿ ಎಡಗೈ ಬರಲೇ ಇಲ್ಲ.
ಅದು ಬೀಳಬೇಕಿದ್ದ ಜಾಗದಲ್ಲಿ
ಕೋಣೆಯ ಮೈಕುಗಳಿಗೆ ಮಾತ್ರ ಕೇಳಿದ ಸಣ್ಣ ಸದ್ದು:
ಹಲಗೆಯ ಮೇಲೆ ಯಾರದೋ ಹಿಮ್ಮಡಿ.
ಅದನ್ನು ಎಷ್ಟು ಏರಿಸಲಿ,
ಅಥವಾ ಹಾಗೇ ಬಿಡಲೆ,
ಇನ್ನೂ ತೋಚಿಲ್ಲ.