ಎಷ್ಟು ಮಿಲಿಮೀಟರ್

ಅಹ್ಮದಿಯ ಸೈಟಿಗೆ ಬೆಳಗಿನ ಐದಕ್ಕೇ ಮಿಕ್ಸರ್ ಲಾರಿ.
ತಗಡಿನ ಶಂಕುವಿಗೆ ಹಸಿ ಕಾಂಕ್ರೀಟು ತುಂಬಿ
ಪದರಕ್ಕೆ ಇಪ್ಪತ್ತೈದು ಸಲ ಸರಳಿನಿಂದ ಕುಟ್ಟಿ
ನಿದ್ದೆ ಹೋದ ಮಗುವಿನ ಟೊಪ್ಪಿಗೆ ತೆಗೆದ ಹಾಗೆ
ಮೆಲ್ಲಗೆ ಮೇಲೆತ್ತುತ್ತಾರೆ.
ಒಳಗಿನದು ಒಂದು ಗಳಿಗೆ ನಿಂತಂತೆ ಮಾಡಿ
ಭುಜ ಇಳಿಬಿಟ್ಟು ಕೂರುತ್ತದೆ.
ಕೂತದ್ದೆಷ್ಟೆಂದು ಟೇಪು ಹಿಡಿದು ಕೂಗುತ್ತಾರೆ:
ಸ್ಲಂಪ್, ನೂರಾ ಹತ್ತು!
ನಾನು ಬರೆದುಕೊಳ್ಳುತ್ತೇನೆ. ಪಾಸ್.

ಕಂಟೇನರಿನ ಆಫೀಸಿನಲ್ಲಿ ಇಂಗ್ಲಿಷ್ ಪೇಪರು.
ಅದರಲ್ಲೂ ಸ್ಲಂಪ್. ಎಣ್ಣೆಯದು.
ಐದು ಕಾಲಮ್ಮಿನ ಅಗಲಕ್ಕೆ ಕೈಕಾಲು ಚಾಚಿದೆ.
ಶೇರುಗಳು ಟಂಬಲ್,
ಅಟ್ಟದ ಮೆಟ್ಟಿಲಲ್ಲಿ ತಂಬಿಗೆ ಉರುಳಿದಂತೆ.
ಬಾಡಿಗೆಗಳು ಸ್ಲೈಡ್, ಪಾರ್ಕಿನ ಮಕ್ಕಳ ಹಾಗೆ.
ಯಾವುದೋ ಬ್ಯಾಂಕು ಪ್ಲಂಜ್. ಅದಕ್ಕೆ
ಈಜು ಬರುತ್ತದೋ ಇಲ್ಲವೋ ಬರೆದಿಲ್ಲ.
ಇಷ್ಟು ಮಂದಿ ಬಿದ್ದಿದ್ದಾರೆ,
ಒಬ್ಬರದೂ ಮೊಣಕಾಲು ತರಚಿಲ್ಲ.

ಸೇಫ್ಟಿಯ ಗ್ರೀರ್ ಸಾಹೇಬ ಒಮ್ಮೆ ಹೇಳಿದ್ದ:
ಕೆಸರಲ್ಲಿ ಕಾಲು ಹುಗಿದರೆ ನಮ್ಮಜ್ಜ
ಸ್ಲಂಪ್ ಅನ್ನುತ್ತಿದ್ದ, ಅಷ್ಟೇ, ಬೇರೇನಕ್ಕೂ ಅಲ್ಲ.
ಅಂಥ ಕೆಸರು ಇಲ್ಲೂ ಇದೆ. ಸಬ್ಖಾ.
ಮೇಲೆ ಉಪ್ಪಿನ ಹಪ್ಪಳ, ಕೆಳಗೆ ಬಾಯಿ.
ಹೋದ ಚಳಿಗಾಲ ನಮ್ಮ ಪಿಕಪ್
ಬೆಳಿಗ್ಗೆ ನಿಲ್ಲಿಸಿದ್ದು, ಸಂಜೆಗೆ ಬಾಗಿಲ ತನಕ ಇಳಿದಿತ್ತು.
ಇಳಿಯುವಾಗ ಯಾರಿಗೂ ಕೇಳಿಸಿರಲಿಲ್ಲ.

ಸಂಬಳವಿಲ್ಲದ್ದು ಇದು ಎರಡನೇ ತಿಂಗಳು.
ನೋಟೀಸು ಬೋರ್ಡಿನಲ್ಲಿ ಕಾರಣ ಅಂಟಿಸಿದ್ದಾರೆ:
ಅದೇ ಮಾತು, ದಪ್ಪಕ್ಷರ.

ಹತ್ತೂ ಮುಕ್ಕಾಲಕ್ಕೆ ಲಾಡ್ಲೆಸಾಬ ನದಾಫ,
ಅಫಜಲಪುರದ ಕಡೆಯವನು, ಸರಳು ಕಟ್ಟುವವನು,
ನೀರಿನ ಕೂಲರಿಗೆ ಬೆನ್ನು ಕೊಟ್ಟು
ಯಾರೋ ಶಂಕು ಎತ್ತಿಕೊಂಡ ಹಾಗೆ
ಕೂತ.
ಬೀಳಲಿಲ್ಲ. ನಾನು ನೋಡಿದೆ.
ಬಿದ್ದದ್ದು ಹೆಲ್ಮೆಟ್ಟು. ಒಂದು ಸುತ್ತು ತಿರುಗಿ ಅಂಗಾತವಾಯಿತು.
ಲೋಟ ಕೈಯಲ್ಲೇ ಇತ್ತು. ನೀರೂ ಇತ್ತು.

ಆಂಬುಲೆನ್ಸ್ ಹೋದ ಮೇಲೆ ಫಾರ್ಮು ತೆರೆದೆ.
ಡ್ರಾಪ್‌ಡೌನ್ ಅನ್ನುತ್ತಾರೆ ಅದಕ್ಕೆ, ಅದೂ ಬೀಳುವುದೇ:
ಎತ್ತರದಿಂದ ಬಿದ್ದದ್ದು,
ಸಮನೆಲದಲ್ಲಿ ಬಿದ್ದದ್ದು,
ವಸ್ತು ಮೈಮೇಲೆ ಬಿದ್ದದ್ದು.
ಕೂತದ್ದಕ್ಕೆ ಜಾಗವಿಲ್ಲ.
ಎಷ್ಟು ಎತ್ತರ, ಮೀಟರಿನಲ್ಲಿ?
ಅಂಕಿ ಹಾಕದೆ ಮುಂದಿನ ಪುಟ ಬರುವುದಿಲ್ಲ.
ರಿಕವರ್ ಆಗ್ತಾನೆ, ಎಂದ ಗ್ರೀರ್ ಬಾಗಿಲಲ್ಲಿ ನಿಂತು.
ಪೇಪರಿನ ಕೊನೆಯ ಸಾಲಿನಲ್ಲೂ ಹಾಗೇ ಇತ್ತು,
ಮುಂದಿನ ಮೂರು ತಿಂಗಳಲ್ಲಿ ಎಂದು.

ನಮ್ಮ ಮಾತಿನಲ್ಲಿ ಬೀಳುವುದು ಅಷ್ಟೇನೂ ಕೆಟ್ಟದ್ದಲ್ಲ.
ಕನಸು ಬೀಳುತ್ತದೆ. ಎಳೆ ಬಿಸಿಲು ಬೀಳುತ್ತದೆ.
ಕಳೆದುಹೋದ ಕೀಲಿಕೈ ಕಣ್ಣಿಗೆ ಬೀಳುತ್ತದೆ.
ತಿಂಗಳ ಮೊದಲ ವಾರ, ಟಣ್ ಎಂದು ಫೋನು ಅಲುಗಿ,
ಸಂಬಳ ಬೀಳುತ್ತದೆ.
ಪೇಪರಿನಲ್ಲಿ ಅದು ಬಿದ್ದರೆ
ಇದು ಬೀಳುವುದಿಲ್ಲ, ಅಷ್ಟೇ ಲೆಕ್ಕ.

ಅವನ ಫೋನು ನನ್ನ ಮೇಜಿನ ಮೇಲೆ, ಹೆಲ್ಮೆಟ್ಟಿನೊಳಗೆ.
ಅಲ್ಲೇ ಗುಂಯ್‌ಗುಟ್ಟಿತು. ಹುಸೇನಬೀ ಎಂದು ಹೆಸರು.
ಎತ್ತಿದೆ. ಹಲೋ ಕೂಡ ಇಲ್ಲ:
"ಬಿತ್ತೇನ್ರಿ?"

ಹೊರಗೆ ಮಿಕ್ಸರ್ ತಿರುಗುತ್ತಿತ್ತು,
ಯಾರ ದನಿ ಯಾರದೆಂದು ತಿಳಿಯದಷ್ಟು ಜೋರಾಗಿ.
ಇಲ್ಲ, ಎಂದೆ. ಇನ್ನೂ ಬಿದ್ದಿಲ್ಲ.

"ಬೀಳ್ತದ ಬಿಡ್ರಿ" ಎಂದಳು,
ನನ್ನನ್ನೇ ಸಮಾಧಾನ ಮಾಡುವಂತೆ.
"ಇವತ್ತಲ್ಲ ನಾಳೆ ಬೀಳ್ತದ. ಗಾಬರಿ ಆಗಬ್ಯಾಡ್ರಿ.
ಉಂಡ್ರೇನು?"

ಕಿಟಕಿಯಾಚೆ ಹುಡುಗರು ಶಂಕು ತೊಳೆಯುತ್ತಿದ್ದರು.